ಬಿ ಫಾರಂಗೆ ಸಹಿ ಹಾಕುವ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಚುನಾವಣೆ ಹತ್ತಿರ ಬಂತು ಅಂದರೆ ಒಂದು ಕಾಗದದ ಹೆಸರು ದಿನವೂ ಪತ್ರಿಕೆಯಲ್ಲಿ ಕಾಣುತ್ತದೆ. ಬಿ ಫಾರಂ. ಇಂಥವರಿಗೆ ಸಿಕ್ಕಿತು, ಇಂಥವರಿಗೆ ಕೈತಪ್ಪಿತು, ಕೊನೆ ಗಳಿಗೆಯಲ್ಲಿ ಇನ್ಯಾರದೋ ಪಾಲಾಯಿತು. ಟಿಕೆಟ್ ಘೋಷಣೆಯಾಗಿ ಊರಲ್ಲಿ ಪಟಾಕಿ ಹೊಡೆದಿದ್ದರೂ ಅಷ್ಟೇ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಆ ಕಾಗದ ಚುನಾವಣಾಧಿಕಾರಿಯ ಮೇಜಿಗೆ ಬರದಿದ್ದರೆ ಪಕ್ಷದ ಚಿಹ್ನೆ ಸಿಗುವುದಿಲ್ಲ. ಇದರ ಜೊತೆಗೆ ಎ ಫಾರಂ ಅಂತಲೂ ಒಂದಿದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಬಿ ಫಾರಂಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಅಂತ ಪಕ್ಷ ತಿಳಿಸುವ ಕಾಗದ ಅದು.

ಪಕ್ಷಗಳೊಳಗಿನ ಬಣಗಳ ಬಗ್ಗೆ ಮಾತಾಡುವಾಗ ನಾವು ಸಿದ್ಧಾಂತ, ಜಾತಿ, ಪ್ರದೇಶ, ಸ್ವಾಭಿಮಾನ ಅಂತೆಲ್ಲ ಹೇಳುತ್ತೇವೆ. ಅವೆಲ್ಲ ಸುಳ್ಳಲ್ಲ. ಆದರೆ ಜಗಳ ಹಣ್ಣಾಗಿ ಒಡೆಯುವ ಹೊತ್ತಿಗೆ ಉಳಿಯುವ ಪ್ರಶ್ನೆ ಒಂದೇ. ಆ ಸಹಿ ಯಾರದ್ದು? ಪಕ್ಷದಲ್ಲಿ ಗುಂಪುಗಳು ಇರುವುದೇ ಕಾಯಿಲೆ ಅಂತ ನನಗೆ ಅನಿಸುವುದಿಲ್ಲ. ಸಾವಿರಾರು ಜನ ಸೇರಿದ ಕಡೆ ಗುಂಪು ಇಲ್ಲದಿದ್ದರೇ ಅನುಮಾನ ಪಡಬೇಕು. ಆ ಗುಂಪುಗಳ ಜಗಳ ತೀರಿಸುವ ಜಾಗ ಪಕ್ಷದ ಒಳಗೆ ಇದೆಯೋ ಇಲ್ಲವೋ, ನೋಡಬೇಕಾದ್ದು ಅದನ್ನು.

ಇದಕ್ಕೆ ನಮ್ಮ ನಾಡಿನಷ್ಟು ಒಳ್ಳೆಯ ಉದಾಹರಣೆ ಕಡಿಮೆ. ಆಗ ದೇಶದ ಅತಿ ದೊಡ್ಡ ಪಕ್ಷವಾಗಿದ್ದ ಕಾಂಗ್ರೆಸ್ ಬಿರುಕು ಬಿಟ್ಟದ್ದು ಎಲ್ಲರ ಕಣ್ಣಿಗೆ ಬಿದ್ದದ್ದು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಗಾಜಿನ ಮನೆಯಲ್ಲಿ. 1969ರ ಜುಲೈ ತಿಂಗಳು. ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ, ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ. ಅದೇ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡಿದ್ದರು. ಆ ಸ್ಥಾನಕ್ಕೆ ಯಾರು ಅನ್ನುವುದು ತೀರ್ಮಾನ ಆಗಬೇಕಿತ್ತು.

ಇಂದಿರಾ ಅವರಿಗೆ ಜಗಜೀವನ್ ರಾಮ್ ಆಗಬೇಕಿತ್ತು. ಆಗ ಸಿಂಡಿಕೇಟ್ ಅಂತ ಹೆಸರಾಗಿದ್ದ ಹಿರಿಯರ ಗುಂಪಿಗೆ ನೀಲಂ ಸಂಜೀವ ರೆಡ್ಡಿ ಬೇಕಿತ್ತು. ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ನಿಜಲಿಂಗಪ್ಪ, ಇವರೆಲ್ಲ ಆ ಗುಂಪಿನವರು. ಪಕ್ಷದ ಸಂಸದೀಯ ಮಂಡಳಿ ಬೆಂಗಳೂರಿನಲ್ಲೇ ಸೇರಿತು. ಬಹುಮತದಿಂದ ಸಂಜೀವ ರೆಡ್ಡಿ ಅವರನ್ನು ಆರಿಸಿತು. ಪ್ರಧಾನಿಗೆ ತಮ್ಮದೇ ಪಕ್ಷದ ಮಂಡಳಿಯಲ್ಲಿ ಸೋಲಾಯಿತು. ಇವತ್ತು ಇಂಥದ್ದನ್ನು ಊಹಿಸಿಕೊಳ್ಳಿ ನೋಡೋಣ. ಯಾವ ಪಕ್ಷದಲ್ಲಾದರೂ ಸರಿ.

ಆಮೇಲಿನದ್ದು ಬಹಳ ಬೇಗ ನಡೆಯಿತು. ದೆಹಲಿಗೆ ಮರಳಿದ ಇಂದಿರಾ ಜುಲೈ 16ರಂದು ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಮೂರೇ ದಿನಕ್ಕೆ, 19ರಂದು, 14 ದೊಡ್ಡ ಬ್ಯಾಂಕುಗಳನ್ನು ಸುಗ್ರೀವಾಜ್ಞೆಯಿಂದ ರಾಷ್ಟ್ರೀಕರಣ ಮಾಡಿದರು. ಕುರ್ಚಿಯ ಜಗಳ ಇದ್ದಕ್ಕಿದ್ದಂತೆ ಬಡವರ ಪರ ಯಾರು, ಸಾಹುಕಾರರ ಪರ ಯಾರು ಅನ್ನುವ ಜಗಳವಾಯಿತು. ಇದು ಬರೀ ನಾಟಕ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಬ್ಯಾಂಕುಗಳ ವಿಚಾರ ಪಕ್ಷದಲ್ಲಿ ಮೊದಲಿನಿಂದಲೂ ಚರ್ಚೆಯಲ್ಲಿತ್ತು. ಬೆಂಗಳೂರಿನ ಸಭೆಗೆ ಇಂದಿರಾ ಕಳಿಸಿದ್ದ ಟಿಪ್ಪಣಿಯಲ್ಲೂ ಅದು ಇತ್ತು. ಆದರೆ ಆ ತೀರ್ಮಾನ ಆ ವಾರವೇ ಬಂದದ್ದು ಯಾಕೆ ಅಂತ ಕೇಳಿದರೆ, ಉತ್ತರ ಗಾಜಿನ ಮನೆಯಲ್ಲಿದೆ.

ಸಂಜೀವ ರೆಡ್ಡಿ ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ಸ್ವತಃ ಇಂದಿರಾ. ಆಮೇಲೆ ವಿ.ವಿ. ಗಿರಿ ಸ್ವತಂತ್ರ ಅಭ್ಯರ್ಥಿಯಾಗಿ ನಿಂತಿದ್ದಾಗ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಕರೆ ಇಂದಿರಾ ಕಡೆಯಿಂದ ಬಂತು. ಇತ್ತ ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತಗಳಿಗಾಗಿ ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರ ಜೊತೆ ಮಾತಾಡಿದರು. ಅದೇ ಅವರಿಗೆ ತಿರುಗುಬಾಣವಾಯಿತು. ನೋಡಿ, ಬಲಪಂಥೀಯರ ಜೊತೆ ಕೈಜೋಡಿಸಿದ್ದಾರೆ ಅಂತ ಎದುರು ಗುಂಪು ಪ್ರಚಾರ ಮಾಡಿತು. ಆಗಸ್ಟ್ 16ರಂದು ಮತದಾನ. ಗಿರಿ ಅವರಿಗೆ 4,20,077, ರೆಡ್ಡಿ ಅವರಿಗೆ 4,05,427. ಅದೂ ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ಬಂದ ಗೆಲುವು. ಪಕ್ಷದ ಅಧಿಕೃತ ಅಭ್ಯರ್ಥಿ ಪಕ್ಷದವರಿಂದಲೇ ಸೋತರು.

ನವೆಂಬರ್ ಹೊತ್ತಿಗೆ ಕಾರ್ಯಕಾರಿ ಸಮಿತಿಯೇ ಎರಡಾಯಿತು. ಒಂದೇ ದಿನ ಒಂದು ಸಭೆ ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿ ಮನೆಯಲ್ಲಿ. ನವೆಂಬರ್ 12ರಂದು ನಿಜಲಿಂಗಪ್ಪನವರ ಕಡೆಯವರು ಇಂದಿರಾ ಗಾಂಧಿ ಅವರನ್ನು ಪಕ್ಷದಿಂದ ಹೊರಹಾಕಿದರು. ಹೊರಹಾಕಿದವರ ಕೈಯಲ್ಲಿ ಕಚೇರಿ ಇತ್ತು, ಮೊಹರು ಇತ್ತು. ಹೊರಗೆ ಹೋದವರ ಜೊತೆ ಸಂಸದರು ಇದ್ದರು. ಯಾರು ಗೆದ್ದರು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಇಲ್ಲಿ ಚಿಹ್ನೆಯ ಕಥೆ ಸ್ವಲ್ಪ ಹೇಳಬೇಕು. ಅದು ಇವತ್ತಿಗೂ ಬೇಕಾಗುವ ಕಥೆ. ಕಾಂಗ್ರೆಸ್ಸಿನ ಗುರುತು ಆಗ ನೊಗ ಹೊತ್ತ ಜೋಡೆತ್ತು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲವನ್ನು ಅಳತೆ ಮಾಡಿ ಪಾಲು ಮಾಡಬಹುದು, ಮನೆದೇವರ ಪೂಜೆಯ ಹಕ್ಕನ್ನು ಹೇಗೆ ಪಾಲು ಮಾಡುವುದು? ಚಿಹ್ನೆಯೂ ಹಾಗೆ. ಅಕ್ಷರ ಓದಲು ಬಾರದ ಮತದಾರ ಅದನ್ನೇ ನೋಡಿ ಮುದ್ರೆ ಒತ್ತುತ್ತಿದ್ದ ಕಾಲ ಅದು. ಬಿರುಕಿಗೆ ಒಂದು ವರ್ಷ ಮೊದಲು, 1968ರಲ್ಲಿ, ಚುನಾವಣಾ ಆಯೋಗ ಚಿಹ್ನೆಗಳ ಬಗ್ಗೆ ಒಂದು ಆದೇಶ ಹೊರಡಿಸಿತ್ತು. ಅದರ 15ನೇ ಪ್ಯಾರಾ ಹೀಗೆ ಹೇಳುತ್ತದೆ: ಒಂದು ಪಕ್ಷದಲ್ಲಿ ಎರಡು ಗುಂಪಾಗಿ ಇಬ್ಬರೂ ನಾವೇ ಪಕ್ಷ ಅಂದರೆ, ಯಾವುದು ಪಕ್ಷ ಅಂತ ಆಯೋಗ ತೀರ್ಮಾನಿಸಬಹುದು. 1971ರ ಜನವರಿಯಲ್ಲಿ ಆಯೋಗ ಇಂದಿರಾ ಕಡೆಯ ಗುಂಪೇ ಕಾಂಗ್ರೆಸ್ ಅಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಹಾಗಾಗಿ ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಜೋಡೆತ್ತು ಯಾರಿಗೂ ಸಿಗಲಿಲ್ಲ. ಇಂದಿರಾ ಕಡೆಯವರು ಹಸು-ಕರು ಹಿಡಿದು ಬಂದರು. ನಿಜಲಿಂಗಪ್ಪನವರ ಕಡೆಯವರು, ಅಂದರೆ ಸಂಸ್ಥಾ ಕಾಂಗ್ರೆಸ್ಸಿನವರು, ಚರಕ ತಿರುಗಿಸುವ ಹೆಂಗಸಿನ ಗುರುತು ತಂದರು. ಅದೇ ವರ್ಷ ನವೆಂಬರಿನಲ್ಲಿ ಕೋರ್ಟು ಆಯೋಗದ ತೀರ್ಮಾನವನ್ನು ಎತ್ತಿಹಿಡಿಯಿತು. ಯಾರ ಕಡೆ ಹೆಚ್ಚು ಜನ ಇದ್ದಾರೋ ಅವರೇ ಪಕ್ಷ, ಇದು ಅಲ್ಲಿಂದ ಬಂದ ಅಳತೆಗೋಲು. 2023ರಲ್ಲಿ ಶಿವಸೇನೆಯ ಬಿಲ್ಲು-ಬಾಣ ಏಕನಾಥ ಶಿಂಧೆ ಗುಂಪಿಗೆ ಹೋದಾಗಲೂ ಅದೇ 15ನೇ ಪ್ಯಾರಾ. 

ಇದರಲ್ಲಿ ಒಂದು ತಮಾಷೆ ಇದೆ. ಹೆಚ್ಚು ಜನ ಅಂದರೆ ಯಾರು? ಪಕ್ಷಕ್ಕೆ ಚಂದಾ ಕೊಟ್ಟ ಸದಸ್ಯರನ್ನು ಕರೆದು ಯಾರೂ ಎಣಿಸುವುದಿಲ್ಲ. ಶಾಸಕರು, ಸಂಸದರು, ಪದಾಧಿಕಾರಿಗಳು, ಇವರನ್ನು ಎಣಿಸುತ್ತಾರೆ. ಕೊನೆಗೆ ಬಹಳ ಸಲ ಶಾಸಕರು ಸಂಸದರ ಲೆಕ್ಕವೇ ಗಟ್ಟಿಯಾಗುತ್ತದೆ. ಯಾಕಂದರೆ ಪದಾಧಿಕಾರಿಗಳ ಪಟ್ಟಿಯನ್ನೇ ಎರಡೂ ಕಡೆಯವರು ಒಪ್ಪುವುದಿಲ್ಲ. ಹಾಗಾದರೆ ಮನೆಮನೆಗೆ ಹೋಗಿ ಚೀಟಿ ಹಂಚಿದ ಕಾರ್ಯಕರ್ತನ ಲೆಕ್ಕ ಎಲ್ಲಿ? ಎಲ್ಲೂ ಇಲ್ಲ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. 1969ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್. ಅವರನ್ನೂ ರಾಮಕೃಷ್ಣ ಹೆಗಡೆ ಅವರನ್ನೂ ನಿಜಲಿಂಗಪ್ಪನವರ ಲವ-ಕುಶ ಅಂತಲೇ ಜನ ಕರೆಯುತ್ತಿದ್ದರು. ಇಬ್ಬರೂ ಗುರುವಿನ ಜೊತೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಹೆಚ್ಚಿನ ಶಾಸಕರೂ ಅಲ್ಲೇ ಇದ್ದರು. ಇಂದಿರಾ ಪಕ್ಷವನ್ನು ಇಲ್ಲಿ ಕಟ್ಟುವ ಕೆಲಸ ಡಿ. ದೇವರಾಜ ಅರಸು ಅವರ ಪಾಲಿಗೆ ಬಂತು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ ಹಸು-ಕರುವಿಗೆ. ಶಾಸಕರು ಆ ಕಡೆ ಹರಿದರು, ಪಾಟೀಲರ ಸರ್ಕಾರ ಹೋಯಿತು. 1972ರಲ್ಲಿ ವಿಧಾನಸಭೆಯಲ್ಲೂ 165 ಸ್ಥಾನ ಗೆದ್ದು ಅರಸು ಮುಖ್ಯಮಂತ್ರಿಯಾದರು. ಆ ಚುನಾವಣೆಗೆ ಅವರು ತಾವು ನಿಂತಿರಲೇ ಇಲ್ಲ. ಇತರರಿಗೆ ಟಿಕೆಟ್ ಹಂಚಿದ್ದರು. ಕುರ್ಚಿಗೆ ದಾರಿ ಅದೇ ಆಗಿತ್ತು.

ಅರಸು ಅವರ ಬಗ್ಗೆ ಮಾತಾಡಲು ಈ ಹೊತ್ತು ಸಾಲದು. ಭೂಸುಧಾರಣೆ, ಹಾವನೂರು ಆಯೋಗ, ಹಿಂದುಳಿದವರನ್ನು ಹುಡುಕಿ ತಂದು ನಿಲ್ಲಿಸಿದ ರೀತಿ, ಎಲ್ಲ ನಿಮಗೆ ಗೊತ್ತಿರುವುದೇ. ನನಗೆ ಬೇಕಾದ್ದು 1978-79ರ ಆ ಒಂದೂವರೆ ವರ್ಷ. ತುರ್ತುಪರಿಸ್ಥಿತಿ ಮುಗಿದು ಇಂದಿರಾ ಸೋತಿದ್ದರು. 1978ರ ಜನವರಿಯಲ್ಲಿ ಕಾಂಗ್ರೆಸ್ ಮತ್ತೆ ಒಡೆಯಿತು. ಈ ಸಲ ಇಂದಿರಾ ಜೊತೆ ಗಟ್ಟಿಯಾಗಿ ನಿಂತವರಲ್ಲಿ ಅರಸು ಮೊದಲಿಗರು. ಹೊಸ ಪಕ್ಷ, ಹೊಸ ಗುರುತು ಹಸ್ತ. ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ 149 ಸ್ಥಾನ. ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆ. ಸೋತ ನಾಯಕಿಯನ್ನು ಲೋಕಸಭೆಗೆ ಮರಳಿ ಕಳಿಸಿದ್ದು ಕರ್ನಾಟಕ. ಎದುರಾಳಿ ಯಾರು ಗೊತ್ತೇ? ಜನತಾ ಪಕ್ಷದಿಂದ ಅದೇ ವೀರೇಂದ್ರ ಪಾಟೀಲ್.

ಇಷ್ಟಾಗಿ ಒಂದು ವರ್ಷ ತುಂಬುವ ಮೊದಲೇ ಅರಸು ಪಕ್ಷದಿಂದ ಹೊರಗೆ ಬಿದ್ದರು. ಹೊರಗೆ ಕಂಡ ಕಾರಣ ಬಹಳ ಚಿಕ್ಕದು. ಅವರು ಮುಖ್ಯಮಂತ್ರಿಯೂ ಹೌದು, ಪ್ರದೇಶ ಕಾಂಗ್ರೆಸ್ ಅಧ್ಯಕ್ಷರೂ ಹೌದು. ಒಬ್ಬರಿಗೆ ಒಂದೇ ಹುದ್ದೆ, ಅಧ್ಯಕ್ಷಗಿರಿ ಬಿಡಿ ಎಂದು ಮೇಲಿನಿಂದ ಮಾತು ಬಂತು. ಅರಸು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅಂತ ಈಗ ನಿಮಗೆ ಹೊಳೆದಿರಬೇಕು. ಮುಖ್ಯಮಂತ್ರಿ ಕುರ್ಚಿ ಇವತ್ತಿನದ್ದು. ನಾಳೆ ಯಾರು ಶಾಸಕರಾಗಬೇಕು ಅನ್ನುವುದು ಅಧ್ಯಕ್ಷರ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ಅದನ್ನು ಬಿಟ್ಟುಕೊಟ್ಟ ಮುಖ್ಯಮಂತ್ರಿ ದೆಹಲಿಯ ದಯೆಯಲ್ಲಿ ಇರಬೇಕಾಗುತ್ತದೆ ಎನ್ನುವುದು, ಟಿಕೆಟ್ ಹಂಚಿಯೇ ಮೇಲೆ ಬಂದ ಅರಸು ಅವರಿಗೆ ತಿಳಿಯದ ವಿಷಯವಲ್ಲ. ಅಧ್ಯಕ್ಷ ಸ್ಥಾನಕ್ಕೆ ಎಸ್. ಬಂಗಾರಪ್ಪ ಬಂದರು.

ಅರಸು ಅವರ ಜೊತೆ ಆಗ ಬಹುಪಾಲು ಶಾಸಕರು ಇದ್ದರು. ಸರ್ಕಾರ ಬೀಳಲಿಲ್ಲ. ಆದರೆ 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಪಕ್ಷ ರಾಜ್ಯದ 28ರಲ್ಲಿ 27 ಗೆದ್ದಿತು. ಅರಸು ರಾಜೀನಾಮೆ ಕೊಟ್ಟರು. ಜನವರಿ 12ರಂದು ಆರ್. ಗುಂಡೂರಾವ್ ಪ್ರಮಾಣವಚನ ತೆಗೆದುಕೊಂಡರು. ನಿನ್ನೆ ಅರಸು ಹಿಂದೆ ಇದ್ದ ಶಾಸಕರು ಇವತ್ತು ಗುಂಡೂರಾವ್ ಹಿಂದೆ. ಪಕ್ಷಾಂತರ ತಡೆ ಕಾನೂನು ಆಗ ಇರಲಿಲ್ಲ. ಹತ್ತು ವರ್ಷದ ಹಿಂದೆ ಪಾಟೀಲರಿಗೆ ಆದದ್ದೇ ಅರಸು ಅವರಿಗೂ ಆಯಿತು. ಅರಸು 1982ರ ಜೂನ್‌ನಲ್ಲಿ ತೀರಿಕೊಂಡರು.

ಪಾಟೀಲರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಡೀ ಕಥೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ನಾಟುವವರು ಅವರೇ. ಚಿಕ್ಕಮಗಳೂರಿನಲ್ಲಿ ಇಂದಿರಾ ವಿರುದ್ಧ ನಿಂತ ಮನುಷ್ಯ 1980ರ ಹೊತ್ತಿಗೆ ಇಂದಿರಾ ಪಕ್ಷದಲ್ಲೇ ಇದ್ದರು. ಬಾಗಲಕೋಟೆಯಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು. 1989ರಲ್ಲಿ ಅವರ ಮುಂದಾಳತ್ವದಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 178 ಸ್ಥಾನ ಗೆದ್ದಿತು. ಇಷ್ಟು ದೊಡ್ಡ ಬಹುಮತ ಅದಕ್ಕೆ ಮುಂಚೆ, ಆಮೇಲೆ ಇಲ್ಲಿ ಯಾರಿಗೂ ಬಂದಿಲ್ಲ. ವರ್ಷ ತುಂಬುವಷ್ಟರಲ್ಲಿ ಅವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು. ರಾಜ್ಯದ ಕೆಲವು ಊರುಗಳಲ್ಲಿ ಕೋಮುಗಲಭೆ. 1990ರ ಅಕ್ಟೋಬರಿನಲ್ಲಿ ಬಂದುಹೋದ ರಾಜೀವ್ ಗಾಂಧಿ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾಗುತ್ತಾರೆ ಎಂದು ಪತ್ರಕರ್ತರಿಗೆ ಹೇಳಿದರು. 178 ಶಾಸಕರ ನಾಯಕನನ್ನು ಇಳಿಸಲು ಶಾಸಕರ ಸಭೆ ಮೊದಲು ಬೇಕಾಗಲಿಲ್ಲ. ಒಂದು ವಾರ ರಾಷ್ಟ್ರಪತಿ ಆಡಳಿತ ನಡೆದು, ಬಂಗಾರಪ್ಪ ಮುಖ್ಯಮಂತ್ರಿಯಾದರು. ಎರಡು ವರ್ಷಕ್ಕೆ ಅವರೂ ಇಳಿದು ವೀರಪ್ಪ ಮೊಯಿಲಿ ಬಂದರು. ಬಂಗಾರಪ್ಪ ಬೇರೆ ಪಕ್ಷ ಕಟ್ಟಿ 1994ರಲ್ಲಿ 10 ಸ್ಥಾನ ಗೆದ್ದರು. ಕಾಂಗ್ರೆಸ್ 178ರಿಂದ 34ಕ್ಕೆ ಇಳಿಯಿತು.

ಇದೆಲ್ಲ ಒಂದೇ ಪಕ್ಷದ ಚಾಳಿ ಅಂತ ಭಾವಿಸಬೇಡಿ. ಜನತಾ ಪರಿವಾರದವರು, ಅಂದರೆ ಜನತಾ ಪಕ್ಷ ಮತ್ತು ಆಮೇಲಿನ ಜನತಾ ದಳದವರು, ಇದರಲ್ಲಿ ಯಾರಿಗೂ ಕಡಿಮೆಯಿಲ್ಲ. 1985ರಲ್ಲಿ ಹೆಗಡೆ ಅವರ ಜನತಾ ಪಕ್ಷಕ್ಕೆ 139 ಸ್ಥಾನ. ನಾಲ್ಕು ವರ್ಷ ಹೆಗಡೆ, ದೇವೇಗೌಡ, ಬೊಮ್ಮಾಯಿ ಬಣಗಳ ಎಳೆದಾಟ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಸಂಪುಟ ವಿಸ್ತರಿಸಿದ ಎರಡೇ ದಿನಕ್ಕೆ ಒಬ್ಬ ಶಾಸಕರು 19 ಜನರ ಪತ್ರಗಳನ್ನು ರಾಜ್ಯಪಾಲರಿಗೆ ಒಯ್ದು ಕೊಟ್ಟರು. ಬೆಂಬಲ ವಾಪಸ್ ಎಂಬ ಪತ್ರಗಳು. ಅದರಲ್ಲಿ ಏಳು ಮಂದಿ ಮೂರು ದಿನ ಕಳೆಯುವಷ್ಟರಲ್ಲಿ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಆದರೂ ಏಪ್ರಿಲ್ 21ಕ್ಕೆ ಸರ್ಕಾರ ವಜಾ. ಬಹುಮತ ಇದೆಯೋ ಇಲ್ಲವೋ ಎನ್ನುವುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿತು. ಇಡೀ ದೇಶಕ್ಕೆ ದಾರಿ ತೋರಿಸಿದ ಬೊಮ್ಮಾಯಿ ತೀರ್ಪು ಹುಟ್ಟಿದ್ದು ನಮ್ಮಲ್ಲಿನ ಒಂದು ಬಣದ ಜಗಳದಿಂದ. ಬೊಮ್ಮಾಯಿ ಅವರಿಗೆ ಮಾತ್ರ ಕುರ್ಚಿ ವಾಪಸ್ ಬರಲಿಲ್ಲ. 1989ರ ಚುನಾವಣೆಯಲ್ಲಿ ಜನತಾ ದಳಕ್ಕೆ ಬಂದದ್ದು 24.

ಮತ್ತೆ 1994ರಲ್ಲಿ ಎಲ್ಲರೂ ಒಂದಾಗಿ 115 ಗೆದ್ದರು. ದೇವೇಗೌಡರು ಮುಖ್ಯಮಂತ್ರಿ, ಒಂದೂವರೆ ವರ್ಷದಲ್ಲಿ ಪ್ರಧಾನಿ. ಅದೇ ತಿಂಗಳು, 1996ರ ಜೂನ್‌ನಲ್ಲಿ, ಹೆಗಡೆ ಅವರನ್ನು ಪಕ್ಷದಿಂದ ಹೊರಹಾಕಲಾಯಿತು. ಅವರು ಲೋಕಶಕ್ತಿ ಕಟ್ಟಿದರು. 1999ಕ್ಕೆ ದಳವೇ ಎರಡಾಯಿತು. ಚಕ್ರದ ಗುರುತು ಯಾರಿಗೂ ಸಿಗಲಿಲ್ಲ. ಒಂದು ಭಾಗಕ್ಕೆ 18 ಸ್ಥಾನ, ಇನ್ನೊಂದಕ್ಕೆ 10.

ಶಿಸ್ತಿನ ಪಕ್ಷ ಎನ್ನುವ ಬಿಜೆಪಿಯಲ್ಲೂ ಕಥೆ ಬೇರೆಯಾಗಲಿಲ್ಲ. 2008ರಲ್ಲಿ 110 ಸ್ಥಾನ ಗೆದ್ದು, ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು. ಬಿ.ಎಸ್. ಯಡಿಯೂರಪ್ಪ ಹೊರಬಂದು ಕಟ್ಟಿದ ಕೆಜೆಪಿ 2013ರಲ್ಲಿ ಗೆದ್ದದ್ದು ಆರೇ ಸ್ಥಾನ. ಆದರೆ ಹತ್ತಿರಹತ್ತಿರ ಶೇಕಡ 10 ಮತ ತೆಗೆದುಕೊಂಡಿತು. ಬಿಜೆಪಿ 40ಕ್ಕೆ ಬಂತು. ಮರುವರ್ಷ ಲೋಕಸಭಾ ಚುನಾವಣೆಗೆ ಮುಂಚೆ ಯಡಿಯೂರಪ್ಪ ಮರಳಿ ಬಂದರು. ಹೊರಗೆ ಹೋದವರನ್ನು ಬೈದ ನಾಲಿಗೆಯೇ ಸ್ವಾಗತ ಭಾಷಣವನ್ನೂ ಮಾಡಿತು. ಕಾರ್ಯಕರ್ತರ ಪಾಡು ಏನು ಕೇಳುತ್ತೀರಿ. ಮೊದಲ ವರ್ಷ ಅಕ್ಕಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿದ್ದರು, ಮರುವರ್ಷ ಒಂದೇ ಜೀಪಿನಲ್ಲಿ ಪ್ರಚಾರಕ್ಕೆ ಹೋಗಬೇಕು.

ಕಾನೂನು ಇದಕ್ಕೆ ಏನು ಮಾಡಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. 1985ರಲ್ಲಿ ಪಕ್ಷಾಂತರ ತಡೆ ಕಾನೂನು ಬಂತು. ಆಗ ಶಾಸಕಾಂಗ ಪಕ್ಷದ ಮೂರನೇ ಒಂದು ಭಾಗ ಒಟ್ಟಿಗೆ ಹೊರಬಂದರೆ ಅದನ್ನು ಒಡಕು ಅಂತ ಒಪ್ಪುತ್ತಿದ್ದರು. ಒಬ್ಬ ಹೋದರೆ ತಪ್ಪು, ಗುಂಪಾಗಿ ಹೋದರೆ ಸರಿ. 2003ರಲ್ಲಿ ಆ ಬಾಗಿಲು ಮುಚ್ಚಿದರು. ಈಗ ಮೂರನೇ ಎರಡು ಭಾಗ ಇನ್ನೊಂದು ಪಕ್ಷದಲ್ಲಿ ವಿಲೀನವಾಗಲು ಒಪ್ಪಿದರೆ ಮಾತ್ರ ರಕ್ಷಣೆ. ಬಾಗಿಲು ಮುಚ್ಚಿದ ಮೇಲೆ ನಮ್ಮವರು ಕಿಟಕಿ ಹುಡುಕಿದರು. ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಬೇರೆ ಪಕ್ಷದ ಬಿ ಫಾರಂ ತೆಗೆದುಕೊಂಡು ಉಪಚುನಾವಣೆಗೆ ನಿಲ್ಲುವುದು. 2019ರಲ್ಲಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು.

ಈ ಕಾನೂನು ಒಡಕನ್ನು ಎಷ್ಟು ತಡೆಯಿತೋ ಏನೋ, ಪಕ್ಷದ ಒಳಗೆ ಬಾಯಿ ಬಿಡುವ ಧೈರ್ಯವನ್ನಂತೂ ಕಡಿಮೆ ಮಾಡಿತು. ಸದನದಲ್ಲಿ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸ್ಥಾನ ಹೋಗುತ್ತದೆ. ಹಾಗಾಗಿ ಅಸಮಾಧಾನ ಎಲ್ಲ ರಾತ್ರಿ ಊಟದ ಸಭೆಗೆ, ರೆಸಾರ್ಟಿಗೆ, ದೆಹಲಿ ವಿಮಾನಕ್ಕೆ ಹೋಗುತ್ತದೆ. ಕೆಲವೇ ಶಾಸಕರು ಒಟ್ಟಿಗೆ ಊಟ ಮಾಡಿದರೂ ಅದು ಮರುದಿನ ಸುದ್ದಿ. ಬೇರೆ ಯಾವ ಕಸುಬಿನಲ್ಲಿ ಊಟ ಇಷ್ಟು ದೊಡ್ಡ ಸುದ್ದಿಯಾಗುತ್ತದೆ ಹೇಳಿ!

ಹಾಗಾದರೆ ಒಳಗೇ ಓಟು ಹಾಕಿಸಿ ತೀರ್ಮಾನ ಮಾಡಲು ಆಗುವುದಿಲ್ಲವೇ? ಆಗುತ್ತದೆ. 2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆಯಿತು. ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897, ಶಶಿ ತರೂರ್ ಅವರಿಗೆ 1,072. ದೊಡ್ಡವರ ಒಲವು ಯಾರ ಕಡೆ ಎಂದು ಎಲ್ಲರಿಗೂ ಗೊತ್ತಿದ್ದ ಚುನಾವಣೆ ಅದು, ನಿಜ. ಆದರೂ ಎಣಿಕೆ ಬಹಿರಂಗವಾಗಿ ಆಯಿತು, ಸೋತವರು ಬೇರೆ ಪಕ್ಷ ಕಟ್ಟಲಿಲ್ಲ, ಪಕ್ಷದಲ್ಲೇ ಉಳಿದರು.

ಏಳು ತಿಂಗಳ ನಂತರ, 2023ರ ಮೇ ತಿಂಗಳಲ್ಲಿ, ಅದೇ ಪಕ್ಷ ಕರ್ನಾಟಕದಲ್ಲಿ 135 ಸ್ಥಾನ ಗೆದ್ದಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರೋ, ಡಿ.ಕೆ. ಶಿವಕುಮಾರ್ ಅವರೋ? ಬೆಂಗಳೂರಿಗೆ ವೀಕ್ಷಕರು ಬಂದರು. ಹೊಸ ಶಾಸಕರ ಅಭಿಪ್ರಾಯವನ್ನು ಗುಟ್ಟಾಗಿ ಪಡೆದುಕೊಂಡು ದೆಹಲಿಗೆ ಹೋದರು. ಅಲ್ಲಿ ಕೆಲವು ದಿನ ಮಾತುಕತೆ ನಡೆದು, 18ನೇ ತಾರೀಕು ತೀರ್ಮಾನ ಹೊರಬಿತ್ತು. ಸಿದ್ದರಾಮಯ್ಯ ಮುಖ್ಯಮಂತ್ರಿ. ಶಿವಕುಮಾರ್ ಉಪಮುಖ್ಯಮಂತ್ರಿ, ಜೊತೆಗೆ ಪ್ರದೇಶ ಅಧ್ಯಕ್ಷ ಸ್ಥಾನವೂ ಅವರಲ್ಲೇ ಉಳಿಯಿತು. ಒಬ್ಬರಿಗೆ ಒಂದೇ ಹುದ್ದೆ ಎಂಬ ಮಾತಿಗೆ ಆ ಸಲ ವಿನಾಯಿತಿ. ಶಾಸಕರಲ್ಲಿ ಯಾರಿಗೆ ಎಷ್ಟು ಮತ ಬಿದ್ದಿತ್ತು ಎಂಬ ಲೆಕ್ಕವನ್ನು ಪಕ್ಷ ಪ್ರಕಟಿಸಲಿಲ್ಲ.

ನಮಸ್ಕಾರ.